ಸಹಮ್ ಓಣಿಯ ತಟ್ಟೆ

ನಿವೃತ್ತಿಯಾದ ಮೇಲೆ ಮಧ್ಯಾಹ್ನದ ನಿದ್ದೆ ರೂಢಿಯಾಗಿದೆ. ಓಮಾನಿನ ಅಲ್ ಖುವೈರ್‌ನ ನಮ್ಮ ಮೂರನೆಯ ಮಹಡಿಯ ಮನೆಯಲ್ಲಿ ಪರದೆ ಎಳೆದು ಮಲಗಿದರೆ, ಕೆಳಗಿನ ಹೆದ್ದಾರಿಯ ಕಾರುಗಳ ಸದ್ದು ಬರಬರುತ್ತ ಸಮುದ್ರದ ಸದ್ದಾಗುತ್ತದೆ. ಆಗ ಆ ತಟ್ಟೆ ಬರುತ್ತದೆ. ನೀಲಿ ಹೂವಿನ ಎನಾಮಲ್ ತಟ್ಟೆ, ಅಂಚಿನಲ್ಲಿ ಒಂದು ಕಡೆ ಸುಟ್ಟು ಕರಿದಾದದ್ದು. ಹೊತ್ತವರು ಯಾರೂ ಇಲ್ಲ. ಬಿಸಿಲಿನ ಓಣಿಯಲ್ಲಿ ಒಂದು ಮನೆಯ ಹಿತ್ತಿಲಿನಿಂದ ಇನ್ನೊಂದು ಮನೆಯ ಹಿತ್ತಿಲಿಗೆ ತಾನೇ ತೇಲಿಕೊಂಡು ಹೋಗುತ್ತದೆ. ನಾನು ಬೆನ್ನು ಹತ್ತುತ್ತೇನೆ. ಕೈಗೆ ಸಿಗುವುದಿಲ್ಲ.

ನನ್ನ ಕುರ್ಚಿಗೆ ಈಗ ಪಲ್ಲವಿ ಎಂಬ ಹುಡುಗಿ ಬಂದಿದ್ದಾಳೆ. ನಮ್ಮ ಗದಗಿನವಳೇ. ಮೊನ್ನೆ ಫೋನ್ ಮಾಡಿ, “ಗಂಗಕ್ಕಾರ, ಈ ಕೆಲಸ ಹೆಂಗ ಮಾಡ್ಬೇಕು ಅಂತ ಒಂದೀಟು ಬರದು ಕೊಡ್ರಿ. ಫೈಲಿನಾಗ ಏನೂ ತಿಳಿಯಂಗಿಲ್ರಿ,” ಅಂದಳು. ಫೈಲಿನಲ್ಲಿ ತಿಳಿಯುವುದಾಗಿದ್ದರೆ ನನಗೆ ಹನ್ನೆರಡು ವರ್ಷ ಯಾಕೆ ಬೇಕಾಗುತ್ತಿತ್ತು ತಾಯಿ? ಅವಳಿಗಾಗಿ, ಅವಳಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲು ಕಪಾಟಿನಲ್ಲಿ ಇದೆ, ಬೇಕಾದವರು ಒಯ್ಯಬಹುದು.

ನಾನು ಮೊದಲು ಸೇರಿದ್ದು ಧಾನ್ಯ ಆಮದು ಮಾಡುವ ಒಂದು ಕಂಪನಿಯ ಆಫೀಸಿಗೆ, ಟೈಪಿಂಗ್ ಮಾಡಲು. ಮಾಲೀಕರು ಧರ್ಮಿಷ್ಠ ಮನುಷ್ಯ. ಗೋದಾಮಿನ ಹಿಂಭಾಗದಲ್ಲಿ ಬಡವರಿಗೆ ಧಾನ್ಯ ಹಂಚುವ ಒಂದು ಉಗ್ರಾಣ ನಡೆಸುತ್ತಿದ್ದರು. ಆಮೇಲೆ ಬೇರೆ ವ್ಯಾಪಾರಿಗಳೂ ಅದಕ್ಕೆ ಕೈಜೋಡಿಸಿದರು, ಒಂದು ಸಮಿತಿ ಆಯಿತು. ಅಲ್ಲಿಯ ಗುಮಾಸ್ತ ಊರಿಗೆ ಹೋದವನು ಮರಳಿ ಬರಲಿಲ್ಲ. “ನಾಲ್ಕು ದಿನ ನೋಡಿಕೊಳ್ಳಿ,” ಎಂದು ನನ್ನನ್ನು ಕಳಿಸಿದರು. ನಾಲ್ಕು ದಿನ ಇಪ್ಪತ್ತೊಂದು ವರ್ಷವಾಯಿತು.

ಅಲ್ಲಿ ಮ್ಯಾನೇಜರಾಗಿದ್ದವರು ಕುಂದಾಪುರ ಕಡೆಯ ಶೆಟ್ಟರು. ಮನೆಯಲ್ಲಿ ಕುಂದಾಪುರದ ಕನ್ನಡ, ಉಡುಪಿಯವರ ಸಂಗಡ ತುಳು, ನನ್ನ ಸಂಗಡ ಪುಸ್ತಕದ ಕನ್ನಡಕ್ಕೆ ಒಂಚೂರು ಉಪ್ಪು ಹಾಕಿದ ಮಾತು. ಮೊದಲ ದಿನ ನನ್ನನ್ನು ಚೀಲಗಳ ನಡುವೆ ನಿಲ್ಲಿಸಿ, “ನೋಡಿ ಗಂಗಮ್ಮ, ಇದು ಅಕ್ಕಿ, ಇದು ಹಿಟ್ಟು, ಬೇಳೆ, ಎಣ್ಣೆ, ಸಕ್ಕರೆ, ಚಹಾಪುಡಿ, ಹಾಲಿನ ಪುಡಿ, ಖರ್ಜೂರ. ಎಲ್ಲ ಸೇರಿ ಒಂದು ಮನೆಗೆ ಒಂದು ತಿಂಗಳು. ಇದರಲ್ಲಿ ಬುದ್ಧಿ ಖರ್ಚು ಮಾಡ್ಲಿಕ್ಕೆ ಎಂತ ಉಂಟು?” ಎಂದರು. ನನಗೂ ಹಾಗೇ ಅನಿಸಿತು. ಗೋಣಿಯ ವಾಸನೆ, ಮೇಲಿನ ಕಿಂಡಿಯಿಂದ ಇಳಿಯುವ ಬಿಸಿಲುಕೋಲು, ಅದರಲ್ಲಿ ತೇಲುವ ಹಿಟ್ಟಿನ ದೂಳು. ಮಧ್ಯಾಹ್ನ ಯಾರೂ ಇಲ್ಲದಾಗ ಅಲ್ಲಿ ಕೂತರೆ ಕಣ್ಣು ತಾನೇ ಮುಚ್ಚುತ್ತಿತ್ತು. ಬೇಳೆಯನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದೆ, ಹಿಟ್ಟಿನಲ್ಲಿ ಹುಳು ಇದೆಯೇ ಎಂದು ಜರಡಿ ಹಿಡಿಯುತ್ತಿದ್ದೆ. ಅಕ್ಕಿಯನ್ನೂ ಮುಟ್ಟಿ ನೋಡುತ್ತಿದ್ದೆ. ಆದರೆ ಅದನ್ನು ಬೇಯಿಸಿ ಉಂಡಿರಲಿಲ್ಲ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಮತ್ತೆ ಊರಿನ ಅಂಗಡಿಯಿಂದ ತಂದ ಸೋನಾ ಮಸೂರಿ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಆಗ ಎರಡು ಬಗೆಯ ಜನ ಬರುತ್ತಿದ್ದರು. ಒಂದು, ಈ ನೆಲದವರೇ: ವಿಧವೆಯರು, ಮುದುಕರು, ಕೈಕಾಲು ಬಿದ್ದವರು. ಇನ್ನೊಂದು, ನಮ್ಮಂತೆ ಹೊಟ್ಟೆಪಾಡಿಗೆ ಬಂದು ನಡುನೀರಿನಲ್ಲಿ ಬಿದ್ದ ಕೂಲಿಯವರು. ಒಮ್ಮೆ ಆರು ಜನ ಗಾರೆ ಕೆಲಸದವರು ಬಂದರು. ಕಫೀಲ್, ಅಂದರೆ ಅವರನ್ನು ಕರೆಸಿಕೊಂಡ ಯಜಮಾನ, ಸಂಬಳ ಕೊಡದೆ ನಾಪತ್ತೆಯಾಗಿದ್ದ. ನಾನು ನಿಯಮದ ಪುಸ್ತಕ ತೆಗೆದು, “ಸಂಬಳ ಬಂದಿಲ್ಲ ಅಂತ ಕಫೀಲ್ ಕಡೆಯಿಂದ ಒಂದು ಪತ್ರ ತರಬೇಕು,” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗಿನಿಂದ ಶೆಟ್ಟರು, “ಅಯ್ಯೋ ಮಾರಾಯ್ರೆ, ಓಡಿಹೋದವ ನಾನು ಓಡಿಹೋಗಿದ್ದೇನೆ ಅಂತ ಸಹಿ ಹಾಕಿ ಕೊಡ್ತಾನಾ?” ಎಂದು ನಕ್ಕರು. ನಾಚಿಕೆಯಾಗಿ ಒಂದು ಚೀಲ ಅಕ್ಕಿ ಕೊಟ್ಟು ಕಳಿಸಿದೆ. ಮರುದಿನ ಅವರಲ್ಲೊಬ್ಬ ಅದೇ ಚೀಲ ಹೊತ್ತು ತಂದ. “ಅಮ್ಮಾ, ಕರೆಂಟು ಕಿತ್ತಿದ್ದಾರೆ. ಗ್ಯಾಸ್ ಇಲ್ಲ. ಬೇಯಿಸೋದು ಎಲ್ಲಿ?” ಅಂದ. ಅಂದಿನಿಂದ ಕೂಲಿಯವರಿಗೆ ರೊಟ್ಟಿ, ಮೊಸರು ಕೊಡುವ ಪದ್ಧತಿ ಬಂತು. ಯಾವ ಸಭೆಯಲ್ಲೂ ಅದು ತೀರ್ಮಾನವಾದದ್ದಲ್ಲ, ಆ ಚೀಲ ಮರಳಿ ಬಂದದ್ದರಿಂದ ಆಯಿತು.

ಜನರ ಮಾತು ಕೇಳಬೇಕು. ಶುಕ್ರವಾರ ನಮ್ಮ ಕನ್ನಡದವರು ಸೇರಿದಾಗ, ಊಟದ ಎಲೆಯ ಮುಂದೆ ಕೂತೇ ಶುರು. “ಕಾರಿನಾಗ ಬಂದು ಅಕ್ಕಿ ಒಯ್ತಾರಂತಲ್ರಿ!” “ಕೈಯಾಗ ಅಷ್ಟು ದೊಡ್ಡ ಫೋನು!” “ಪುಕ್ಕಟೆ ಸಿಕ್ರ ಯಾರು ದುಡೀತಾರ?” ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು ಅಂತಾರಲ್ಲ, ನಮಗೆ ಹುಗ್ಗಿಯ ಜೊತೆ ಬಡವರ ಮಾತೂ ಉಪ್ಪಿನಕಾಯಿಯ ಹಾಗೆ ಬೇಕಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನಾನೂ ಸೇರಿಕೊಳ್ಳುತ್ತಿದ್ದೆ. “ಬೆಳ್ಳಗಿರೋದೆಲ್ಲ ಹಾಲಲ್ರಿ, ನಾ ನೋಡಿ ಹಿಡೀತೀನಿ,” ಅನ್ನುತ್ತಿದ್ದೆ. ಈ ದೇಶದಲ್ಲಿ ಕಾರಿಲ್ಲದೆ ಹಳ್ಳಿಯವರು ಆಸ್ಪತ್ರೆಗೂ ಹೋಗಲಾರರು, ಮನೆಗೆ ಹೋಗಲಾರದ ಕೂಲಿಯವನಿಗೆ ಆ ಫೋನೇ ಹೆಂಡತಿ ಮಕ್ಕಳು ಎಂಬುದು ಗೊತ್ತಿದ್ದೂ ನನ್ನ ಬಾಯಿಗೆ ಬರುತ್ತಿರಲಿಲ್ಲ.

ಇಂಥ ಮಾತುಗಳೇ ಸಮಿತಿಯ ಕಿವಿಗೂ ಬಿದ್ದು, ಅದು ಬಿಗಿಯಾಯಿತು. ಹೊಸ ಫಾರ್ಮು ಬಂತು. ಮನೆ ಮನೆಗೆ ಹೋಗಿ ತನಿಖೆ ಮಾಡಬೇಕು. ಅದರಲ್ಲಿ ಒಂದು ಕಲಮು: ‘ಮನೆಯಲ್ಲಿ ಕಂಡದ್ದು’. ಆ ಕಲಮು ನನಗಾಗಿಯೇ ಹುಟ್ಟಿದಂತಿತ್ತು. ಹೊಸ ಪರದೆ, ಎರಡನೆಯ ಫ್ರಿಜ್ಜು, ಮೂಲೆಯಲ್ಲಿ ಮುಚ್ಚಿಟ್ಟ ಹೊಲಿಗೆ ಯಂತ್ರ, ಎಲ್ಲ ಬರೆಯುತ್ತಿದ್ದೆ. ಅನ್ನ ಬೆಂದಿದೆಯೋ ಇಲ್ಲವೋ ಎನ್ನಲು ಒಂದಗಳು ಹಿಚುಕಿದರೆ ಸಾಕು ಎಂಬ ಹಮ್ಮು. ಸಮಿತಿಯವರು “ಗಂಗಾ ಮೇಡಂ ಕಣ್ಣು ಹದ್ದಿನ ಕಣ್ಣು” ಎಂದರು. ನನಗೂ ಅದು ಹಿತವಾಗಿಯೇ ಇತ್ತು.

ಸಹಮ್‌ಗೆ ಹೋದದ್ದು ಅಂಥ ಒಂದು ಸೋಮವಾರ, ನಾನು ಉಗ್ರಾಣ ಸೇರಿದ ಹನ್ನೆರಡನೆಯ ವರ್ಷ. ಜೊತೆಗೆ ಡ್ರೈವರ್ ಸೈಫ್. ಇಲ್ಲಿಯವನೇ, ಬರ್ಕಾ ಊರಿನವನು, ಹಿಂದಿ ನನಗಿಂತ ಚೆನ್ನಾಗಿ ಆಡುತ್ತಾನೆ. ಬಾತಿನಾ ಹೆದ್ದಾರಿಯಲ್ಲಿ ಎರಡೂವರೆ ತಾಸು. ಮುಂದೆ ರಸ್ತೆ ನೀರಾಗಿ ಹೊಳೆಯುತ್ತದೆ, ಹತ್ತಿರ ಹೋದರೆ ನೀರಿಲ್ಲ, ಮತ್ತೆ ಮುಂದೆ ಹೊಳೆಯುತ್ತದೆ. ಖರ್ಜೂರದ ತೋಟಗಳ ನಡುವೆ ಸಮುದ್ರದ ಕಡೆ ಇಳಿಯುವ ಒಂದು ಸಣ್ಣ ಓಣಿ. ಅದರ ಕೊನೆಯ ಮನೆ ಮೌಜಾ ಎಂಬವಳದು. ಗಂಡ ಮೀನುಗಾರ, ತೀರಿಕೊಂಡು ನಾಲ್ಕು ವರ್ಷ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಮತ್ತು ಸೊಹಾರ್‌ನಲ್ಲಿ ನರ್ಸಿಂಗ್ ಓದುವ ಮಗಳು ಜುವೈನಾ. ನಮ್ಮ ಚೀಲದ ಮೇಲೆ ಮನೆ ನಡೆಯುತ್ತದೆ, ಕೈಗೆ ಬರುವ ಅಲ್ಪ ಸ್ವಲ್ಪ ಮಗಳ ಓದಿಗೆ ಹೋಗುತ್ತದೆ ಎಂದು ಅರ್ಜಿಯಲ್ಲಿತ್ತು.

ಒಳಗೆ ಕಾಲಿಟ್ಟರೆ ಲೋಬಾನದ ಹೊಗೆ. ಚಾಪೆ, ಲೋಡು. ಮುಂದೆ ಆ ನೀಲಿ ಹೂವಿನ ತಟ್ಟೆ, ಅದರ ತುಂಬ ಖರ್ಜೂರ, ಒಂದು ಬಟ್ಟಲು ಹಲ್ವಾ, ಸುಲಿದ ಕಿತ್ತಳೆ. ಥರ್ಮಾಸಿನಿಂದ ಏಲಕ್ಕಿ ಘಮದ ಕಾಹ್ವಾ, ಇಲ್ಲಿಯವರ ಕಾಫಿ. ಮೌಜಾ ನೆರೆಯ ಬಲೂಚಿಯವರಿಂದ ಕಲಿತ ಹಿಂದಿಯಲ್ಲಿ, “ತಗೋ ಗಂಗಾ, ತಗೋ,” ಎಂದು ತಟ್ಟೆ ಸರಿಸಿದಳು. ತನಿಖೆಗೆ ಹೋದವರು ಏನೂ ತಿನ್ನಕೂಡದು ಎಂದು ನಿಯಮ. ಸಾಲದ್ದಕ್ಕೆ ನನಗೆ ಸೋಮವಾರದ ಒಪ್ಪತ್ತು. ಕೈಮುಗಿದು “ಬೇಡ” ಎಂದೆ. ಅವಳು ಮತ್ತೆ ಸರಿಸಿದಳು. ನಾನು ಮತ್ತೆ ಬೇಡ ಎಂದೆ. ಅವಳ ಮುಖ ಬಾಡಿತು. ಸೈಫ್ ಮೂರು ಪುಟ್ಟ ಕಪ್ಪು ಕಾಹ್ವಾ ಕುಡಿದು, ಸಾಕು ಎನ್ನಲು ಕಪ್ಪನ್ನು ಅಲುಗಿಸಿ ಕೊಟ್ಟ. ನಾನು ಫಾರ್ಮಿನಲ್ಲಿ ಬರೆದೆ: ಹಲ್ವಾ, ಹಣ್ಣು, ಧೂಪ. ಕೆಳಗೆ: ಅಗತ್ಯ ಕಾಣುವುದಿಲ್ಲ.

ಮರಳುವಾಗ ಸೈಫ್, “ಮೇಡಂ, ಆ ಹಲ್ವಾ ಇದೆಯಲ್ಲ...” ಎಂದು ಬಾಯಿ ತೆಗೆದ. ನನಗೆ ಬೇರೆ ಮನೆಗಳ ಗಡಿಬಿಡಿ. “ಯಲ್ಲಾ, ನಡಿ ಸೈಫ್, ಹೊತ್ತಾತು,” ಎಂದೆ. ಅವನು ಕಾರಿನ ವೇಗ ಹೆಚ್ಚಿಸಿದ. ಮುಂದಿನ ತಿಂಗಳಿಂದ ಮೌಜಾಳ ಚೀಲ ನಿಂತಿತು.

ಐದಾರು ತಿಂಗಳಾಗಿರಬಹುದು. ಅದೇ ಓಣಿಯಿಂದ ಎರಡು ಹೊಸ ಅರ್ಜಿ ಬಂದವು. ಮತ್ತೆ ಹೋದೆವು. ಮೊದಲ ಮನೆಯಲ್ಲಿ ಅಂಥದೇ ತಟ್ಟೆ ಬಂತು. ಒಂದೇ ಅಂಗಡಿಯ ಮಾಲು ಇರಬೇಕು ಎಂದುಕೊಂಡೆ. ಈ ಸಲ ಅದರ ಮೇಲೆ ನಾಲ್ಕು ಕೆಂಪು ಸೇಬು. ‘ಭಲೇ, ಸೇಬು ಬೇರೆ!’ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮಾತಾಡುತ್ತ ಮಾತಾಡುತ್ತ ಒಂದನ್ನು ಕೈಗೆತ್ತಿಕೊಂಡು ಉಗುರು ಊರಿದೆ. ಗದಗಿನ ಸಂತೆಯಲ್ಲಿ ನಮ್ಮವ್ವ ಕಲಿಸಿದ ಚಟ. ಸೋರೆಕಾಯಿ ಇರಲಿ, ಸೌತೆಕಾಯಿ ಇರಲಿ, ಉಗುರು ಊರಿ ನೋಡದೆ ಕೊಳ್ಳಬಾರದು. ಅರ್ಧಚಂದ್ರದ ಗುರುತು ಬಿತ್ತು. ಮುಜುಗರವಾಗಿ ತಿರುಗಿಸಿ ಇಟ್ಟೆ.

ಎರಡನೆಯ ಮನೆ ನಾಲ್ಕು ಬಾಗಿಲು ಆಚೆ. ಅವರು ನಮ್ಮನ್ನು ಹೊರಗಿನ ಜಗುಲಿಯಲ್ಲೇ ಬಹಳ ಹೊತ್ತು ಮಾತಾಡಿಸಿದರು. ಆಮೇಲೆ ಒಳಗೆ ಕರೆದರು. ಕೂತೆ. ತಟ್ಟೆ ಬಂತು. ನೀಲಿ ಹೂವು, ಸುಟ್ಟ ಅಂಚು, ನಾಲ್ಕು ಸೇಬು. ಒಂದರ ಮೇಲೆ ನನ್ನ ಉಗುರಿನ ಗುರುತು, ಆಗಲೇ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಹಿತ್ತಿಲ ಬಾಗಿಲಿನ ಕಡೆ ನೋಡಿದೆ. ತಲೆವಸ್ತ್ರ ಸರಿಮಾಡಿಕೊಳ್ಳುತ್ತ, ಏದುಸಿರು ಬಿಡುತ್ತ ಒಬ್ಬ ಹೆಣ್ಣುಮಗಳು ಗೋಡೆಯ ಮರೆಗೆ ಸರಿದಳು. ಅವಳ ಹಿಂದೆ ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ನಾನು ಕನಸು ಕಾಣುತ್ತಿದ್ದೇನೋ ಅನಿಸಿತು. ಕೈಯಲ್ಲಿ ಪೆನ್ನಿತ್ತು, ‘ಮನೆಯಲ್ಲಿ ಕಂಡದ್ದು’ ಎಂಬ ಕಲಮು ಖಾಲಿ ಇತ್ತು. ಏನೂ ಬರೆಯಲಿಲ್ಲ.

ಹೊರಗೆ ಬಂದು ಕಾರಿನ ಪಕ್ಕ ನಿಂತು, “ಸೈಫ್, ಆ ತಟ್ಟೆ ಯಾರದು?” ಎಂದೆ.

“ಓಣಿಯದು ಮೇಡಂ. ಅತಿಥಿ ಯಾವ ಮನೆಗೆ ಬರ್ತಾರೋ ತಟ್ಟೆ ಆ ಮನೆಗೆ ಹೋಗ್ತದೆ. ಹಣ್ಣು ಎಲ್ಲರೂ ಸೇರಿ ತರ್ತಾರೆ. ಅತಿಥಿ ಮುಂದೆ ಬರಿ ಚಾಪೆ ಇಡೋಕಾಗ್ತದಾ? ಅದಕ್ಕಿಂತ ಉಪವಾಸ ವಾಸಿ. ಗೊತ್ತಿದ್ದವರು ಒಂದು ಖರ್ಜೂರ ತಗೊಂಡು ಕಾಹ್ವಾ ಕುಡೀತಾರೆ. ಸೇಬು ಯಾರೂ ಮುಟ್ಟೋದಿಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೇಳೋಕೆ ಹೋದೆ. ನೀವು ಯಲ್ಲಾ ಅಂದ್ರಿ.”

“ಮತ್ತೆ ತಟ್ಟೆ ಮೊದಲು ಯಾರ ಮನೆಯದು?” ಎಂದೆ. ಅವನು ಓಣಿಯ ಕೊನೆಯ ಮನೆಯತ್ತ ಗದ್ದ ಎತ್ತಿ ತೋರಿಸಿದ. “ಮೌಜಾದು. ಮದುವೆಯಲ್ಲಿ ಬಂದದ್ದು. ಚೀಲ ಇಳಿಸೋಕೆ ಬಂದಾಗ ಹೇಳಿದ್ದಳು.”

ತನ್ನ ಚೀಲ ನಿಂತ ಮೇಲೂ ಅವಳು ನೆರೆಯವರಿಗೆ ತಟ್ಟೆ ಕೊಟ್ಟಿದ್ದಳು. ನನಗಾಗಿ. ನಾನು ನಡೆದುಕೊಂಡೇ ಹೋದೆ. ಬಾಗಿಲಲ್ಲಿ ಕೂತು ಮೀನಿನ ಬಲೆ ಹೆಣೆಯುತ್ತಿದ್ದಳು, ಯಾರದೋ ಬಲೆ, ಕೂಲಿಗೆ. ನನ್ನನ್ನು ಕಂಡು ಗಡಬಡಿಸಿ ಎದ್ದಳು. “ತಟ್ಟೆ ಇಲ್ಲ, ಕೂತಿರು, ತರಿಸ್ತೀನಿ,” ಎಂದಳು. ನಾನು ಕೈ ಹಿಡಿದು ಕೂರಿಸಿದೆ. ಚೀಲ ನಿಂತದ್ದು ನಾನು ಬರೆದದ್ದರಿಂದ ಎಂದು ಹೇಳಿದೆ.

“ಗೊತ್ತು,” ಅಂದಳು. “ಅವತ್ತು ನೀನು ಒಂದು ಖರ್ಜೂರಾನೂ ಮುಟ್ಟಲಿಲ್ಲ. ನನ್ನ ಮರ್ಯಾದೆಯಲ್ಲಿ ಏನೋ ಕೊರತೆ ಆಯ್ತು, ಗಂಗಾ ಸಿಟ್ಟಾಗಿ ಹೋದಳು, ಅದಕ್ಕೇ ನಿಂತಿತು ಅಂದುಕೊಂಡೆ. ಈ ಸಲ ಹಾಗಾಗಬಾರದು, ಸೇಬು ಇಡಿ ಅಂತ ಅವರಿಗೆ ನಾನೇ ಹೇಳಿದೆ.”

ಅಯ್ಯೋ ದೇವರೇ! ತಟ್ಟೆ ತುಂಬಿದಷ್ಟೂ ನಾನು ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಿದ್ದೆ, ನಾನು ಹೆಸರು ಹೊಡೆದಷ್ಟೂ ಅವರು ತಟ್ಟೆ ತುಂಬುತ್ತಿದ್ದರು.

“ಜುವೈನಾ ಎಲ್ಲಿ?” ಎಂದು ಕೇಳಿದೆ. ಓದು ಬಿಟ್ಟು ಊರೊಳಗಿನ ಅಬಾಯಾ ನಿಲುವಂಗಿಗಳ ಅಂಗಡಿಯಲ್ಲಿ ಕೂರುತ್ತಾಳೆ ಎಂದಳು. ಅದನ್ನು ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ, ಬಲೆಯ ಗಂಟು ನೋಡುತ್ತಿದ್ದಳು. ಆ ಹುಡುಗಿ ಮತ್ತೆ ಓದಿಗೆ ಹೋಗಬೇಕಾದರೆ ಚೀಲ ಮತ್ತೆ ಬರಬೇಕು, ಚೀಲ ಬರಬೇಕಾದರೆ ನಾನು ಸಮಿತಿಯ ಮುಂದೆ ನಿಂತು ಹದ್ದಿನ ಕಣ್ಣಿಗೆ ಪೊರೆ ಬಂದಿದೆ ಎನ್ನಬೇಕು.

ಶೆಟ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. “ಎಂತ ಮಾರಾಯ್ರೆ ನೀವು? ಈ ಒಂದು ಫಾರ್ಮು ತಪ್ಪು ಅಂತ ನೀವೇ ಹೇಳಿದ್ರೆ, ನೀವು ಬರೆದ ಬಾಕಿ ಫಾರ್ಮುಗಳ ಗತಿ ಎಂತ? ಅವರು ಕೇಳುದಿಲ್ವಾ?”

“ಕೇಳ್ಲಿರಿ. ಎಲ್ಲಾ ಮನಿಗೂ ತಿರುಗಿ ಹೋಗೋಣು.”

“ನಿಮ್ಮ ಕೆಲಸ ಹೋದ್ರೆ?”

“ಹೋದ್ರ ಹೋತು. ನನ್ನ ಮನ್ಯಾಗ ರೊಟ್ಟಿಗೇನು ಬರ ಇಲ್ರಿ ಶೆಟ್ರ. ಆ ಹುಡುಗಿದು ಹೊಂಟೈತಲ್ಲ!” ಎಂದೆ. ಶೆಟ್ಟರು ಒಂದು ಕಾಗದ ನನ್ನ ಕಡೆ ಸರಿಸಿ, “ಖಲಾಸ್, ಆಯ್ತು. ಬರೆಯಿರಿ. ಕೆಳಗೆ ನಾನೂ ಸಹಿ ಹಾಕ್ತೇನೆ. ಫಾರ್ಮು ಪಾಸು ಮಾಡಿದವ ನಾನಲ್ವಾ,” ಎಂದರು. ಅವರ ಬಗ್ಗೆ ಯಾರು ಏನೇ ಹೇಳಲಿ, ಆ ಸಹಿಯನ್ನು ನಾನು ಮರೆತಿಲ್ಲ.

ಸಮಿತಿಯಲ್ಲಿ ಒಬ್ಬರು ಬೈದರು, ಒಬ್ಬರು ನಕ್ಕರು. ತಟ್ಟೆಯ ಸಂಗತಿ ಹೇಳಿದಾಗ ಮೂಲೆಯಲ್ಲಿದ್ದ ಒಬ್ಬ ಹಿರಿಯ ಓಮಾನಿ ವ್ಯಾಪಾರಿ ತಲೆ ತಗ್ಗಿಸಿ, “ನಮ್ಮ ತಾಯಿಯೂ ಹೀಗೇ ಮಾಡುತ್ತಿದ್ದಳು,” ಎಂದರು. ‘ಮನೆಯಲ್ಲಿ ಕಂಡದ್ದು’ ಎಂಬ ಕಲಮು ಹೋಯಿತು. ನಾನೂ ಶೆಟ್ಟರೂ ಸೈಫನೂ ಆ ಬೇಸಗೆಯಿಡೀ ತಿರುಗಿದೆವು. ಹೋದಲ್ಲೆಲ್ಲ ನಾನು ಮೊದಲು ಒಂದು ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಸೋಮವಾರವಾದರೂ. ಶಿವ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಮೌಜಾಳಿಗೆ ಚೀಲ ಮತ್ತೆ ಹೋಯಿತು. ಆದರೆ ಜುವೈನಾಳ ಆ ವರ್ಷದ ತರಗತಿ ಆಗಲೇ ಮುಂದೆ ಹೋಗಿತ್ತು. ಮರುವರ್ಷ ಹೊಸದಾಗಿ ಸೇರಿದಳು. ಈಗ ನರ್ಸಾಗಿದ್ದಾಳೆ, ಎಲ್ಲ ಸುಖವಾಗಿದೆ ಎಂದು ಜನ ಸಮಾಧಾನ ಹೇಳುತ್ತಾರೆ. ಅವರ ಮನೆಯಲ್ಲಿ ನಾನು ಒಂದು ಖರ್ಜೂರ ತಿನ್ನಲಿಲ್ಲ, ಆದರೆ ಆ ಹುಡುಗಿಯ ಒಂದು ವರ್ಷ ತಿಂದೆ. ಪಲ್ಲವಿ, ಇದನ್ನು ನೀನು ಫೈಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಾಲ ಬದಲಾಗಿದೆ. ಈಗ ಚೀಲ ಹೊರುವುದು ಕಡಿಮೆ, ಕಾರ್ಡು ಕೊಡುತ್ತೇವೆ, ಬೇಕಾದ್ದನ್ನು ಅಂಗಡಿಯಲ್ಲಿ ಅವರೇ ಆರಿಸಿಕೊಳ್ಳುತ್ತಾರೆ. ದೂರದ ಓಣಿಗಳಿಗೆ ಮಾತ್ರ ಚೀಲ ಇನ್ನೂ ಹೋಗುತ್ತದೆ. ಸರ್ಕಾರದ ಹೊಸ ಸಾಮಾಜಿಕ ರಕ್ಷಣೆಯ ಪದ್ಧತಿಯೂ ಬಂದಿದೆ. ಮುದುಕರಿಗೆ, ಮಕ್ಕಳಿಗೆ, ವಿಧವೆಯರಿಗೆ ನೇರವಾಗಿ ಖಾತೆಗೆ ಬೀಳುತ್ತದೆ. ಒಳ್ಳೆಯದೇ ಆಯಿತು. ಯಾರ ಮುಂದೆಯೂ ತಟ್ಟೆ ಹೊರಬೇಕಿಲ್ಲ. ಆದರೆ ಶುಕ್ರವಾರದ ಎಲೆಯ ಮುಂದಿನ ಮಾತು ಅದೇ. “ಸರ್ಕಾರ ಕೊಡ್ತದಲ್ರಿ, ಇನ್ನ ಅಕ್ಕಿ ಯಾಕ?” ಎಂದು ಮೊನ್ನೆ ಒಬ್ಬರು ಅಂದರು. “ನಿಮಗ ಸಂಬಳ ಬರ್ತೈತಲ್ರಿ, ಇಲ್ಲಿ ಪುಕ್ಕಟೆ ಹೋಳಿಗಿ ಯಾಕ ಹೊಡಿಯಾಕ ಹತ್ತೀರಿ?” ಎಂದೆ. ನಮ್ಮ ಮನೆಯವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ನಿವೃತ್ತಿಯಾದ ಮರುವಾರ ಸಹಮ್‌ಗೆ ಹೋದೆ. ಸೈಫನೇ ಕರೆದೊಯ್ದ, ತನ್ನ ಸ್ವಂತ ಕಾರಿನಲ್ಲಿ. ರಸ್ತೆಯ ಮೇಲೆ ಆ ಸುಳ್ಳು ನೀರು ಅದೇ ರೀತಿ ಹೊಳೆಯುತ್ತಿತ್ತು. ಮೌಜಾ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಹೋಗಿ ಆಗಲೇ ಎರಡು ವರ್ಷ. “ಇವತ್ತು ಫಾರ್ಮು ಇಲ್ಲವಾ?” ಎಂದಳು. “ಇಲ್ಲ. ನೌಕರಿಯೇ ಇಲ್ಲ,” ಎಂದೆ. “ಹಾಗಾದರೆ ಬಾ,” ಎಂದು ನೇರ ಅಡುಗೆಮನೆಗೆ ಕರೆದೊಯ್ದಳು. ಇಷ್ಟು ವರ್ಷದಲ್ಲಿ ಆ ಮನೆಯ ಅಡುಗೆಮನೆ ನಾನು ನೋಡಿರಲಿಲ್ಲ. ನೆಲದ ಮೇಲೆ ಕೂರಿಸಿ, ಅನ್ನ, ಬೇಳೆ, ಒಂದು ಒಣ ನಿಂಬೆ ಬಡಿಸಿದಳು. ನಾನು ಮೀನು ತಿನ್ನುವುದಿಲ್ಲ ಎಂದು ನೆನಪಿಟ್ಟಿದ್ದಳು. ಮೂಲೆಯಲ್ಲಿ ನಮ್ಮ ಉಗ್ರಾಣದ ಚೀಲ, ಬಾಯಿ ಬಿಚ್ಚಿದ್ದು.

ತುತ್ತು ಬಾಯಿಗೆ ಹಾಕಿದೆ. ಗೋಣಿಯ ವಾಸನೆ. ಹಳೆಯ ಅಕ್ಕಿ, ನುಚ್ಚು ಹೆಚ್ಚು. ಹಲ್ಲಿಗೆ ಒಂದು ಸಣ್ಣ ಕಲ್ಲು ಸಿಕ್ಕಿತು. ಇಪ್ಪತ್ತೊಂದು ವರ್ಷ ನನ್ನ ಕೈಯಿಂದ ಹೋದ ಅಕ್ಕಿ. ಕಣ್ಣಲ್ಲಿ ನೀರು ಬಂತು. ನುಂಗಿದೆ.

“ಬಂತಾ ವಾಸನೆ?” ಎಂದು ಮೌಜಾ ನಕ್ಕಳು. “ಮೂರು ಸಲ ತೊಳೆದು, ಒಂದು ಲವಂಗ ಹಾಕಿದರೆ ಕಡಿಮೆ ಆಗ್ತದೆ. ಇವತ್ತು ಲವಂಗ ಮುಗಿದಿತ್ತು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ ಮೌಜಾ? ಬೇರೆ ಅಕ್ಕಿ ತರಿಸುತ್ತಿದ್ದೆನಲ್ಲ!”

“ಅತಿಥಿಗೆ ಹೇಳ್ತಾರಾ?”

ಪಲ್ಲವಿ, ನೀನು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ. ಮೊದಲ ವಾರ ಒಂದು ಚೀಲ ನಿನ್ನ ಮನೆಗೆ ಒಯ್ಯಿ. ಗಂಡನಿಗೆ, ಮಕ್ಕಳಿಗೆ ಅದನ್ನೇ ಬೇಯಿಸಿ ಹಾಕು, ನೀನೂ ಉಣ್ಣು. ಫಾರ್ಮು ಆಮೇಲೆ ಓದು.

ಉಣ್ಣುತ್ತ ತಲೆ ಎತ್ತಿದೆ. ಒಲೆಯ ಮೇಲಿನ ಗೋಡೆಗೆ ಆ ನೀಲಿ ಹೂವಿನ ತಟ್ಟೆ ತೂಗುತ್ತಿತ್ತು. ಸುಟ್ಟ ಅಂಚು ಕೆಳಗಾಗಿತ್ತು. ಇಷ್ಟು ಸುಲಭವಾಗಿ ಅದು ಒಂದೆಡೆ ನಿಂತದ್ದನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

“ಇವತ್ತು ಆ ತಟ್ಟೆ ಇಲ್ಲವಾ ನನಗೆ?” ಎಂದು ಕೇಳಿದೆ.

ಮೌಜಾ ಅದನ್ನು ಒಮ್ಮೆ ನೋಡಿ, ನನ್ನ ಗಂಗಾಳವನ್ನು ತನ್ನ ಕಡೆ ಎಳೆದುಕೊಂಡಳು. “ಅದು ಹೊರಗಿನವರಿಗೆ,” ಎಂದು ಇನ್ನೊಂದು ಸೌಟು ಅನ್ನ ಹಾಕಿದಳು.